ಎರಡೂ ಒಂದೇ ಥರ ಕಾಣ್ತಿದೆ, ಯಾವ್ದು ಹೊಡಿಸ್ಲಿ?

ಪ್ರಶ್ನೆ: ಮಲಗೋ ರೂಮಿಗೆ ಪೇಂಟ್ ಹೊಡಿಸೋಣ ಅಂತ ಶೇಡ್ ಕಾರ್ಡ್ ತಂದು ಎರಡು ಬಣ್ಣದ ಮಧ್ಯೆ ಸಿಕ್ಕಾಕೊಂಡಿದೀನಿ. ಒಂದು ದಾಳಿಂಬೆ ಕಾಳಿನ ಥರ, ಇನ್ನೊಂದು ಹವಳದ ಥರ. ನಮ್ಮ ಯಜಮಾನ್ರು ಎರಡೂ ಒಂದೇ ಅಲ್ವೇನೇ ಅಂತಾರೆ. ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಇರೋ ಒಂದು ಕಿಟಕಿ ಉತ್ತರಕ್ಕೆ. ಗೋಡೆಗೆ ಈಗ ಹಸಿರು ಬಣ್ಣ ಇದೆ.
– ಓದುಗರು, ಸಾಗರ

ಉತ್ತರ: ಯಜಮಾನ್ರದ್ದು ಪೂರ್ತಿ ತಪ್ಪಲ್ಲ ಬಿಡಿ, ಬೆಂಕಿಪೊಟ್ಟಣದಷ್ಟು ಚೀಟೀಲಿ ಯಾರಿಗೂ ಗೊತ್ತಾಗಲ್ಲ. ಎರಡನ್ನೂ ಬಿಳಿ ಹಾಳೆ ಮೇಲಿಟ್ಟು ಮಧ್ಯೆ ಒಂದು ಅಪ್ಪಟ ಕೆಂಪು ಬಟ್ಟೆ ಇಡಿ, ಆಗ ದಾಳಿಂಬೆ ನೇರಳೆ ಕಡೆ ವಾಲೋದು, ಹವಳ ಕಿತ್ತಳೆ ಕಡೆ ವಾಲೋದು ಕಾಣುತ್ತೆ. ಮ್ಯಾಚಿಂಗ್ ಬ್ಲೌಸ್ ಪೀಸ್ ತಗೊಳ್ಳುವಾಗ ಸೀರೆನ ಅಂಗಡಿ ಬಾಗಿಲಾಚೆ ತಂದು ನೋಡ್ತೀವಲ್ಲ, ಇದೂ ಅದೇ ಕಥೆ, ಆದ್ರೆ ಗೋಡೆನ ಆಚೆ ತರೋಕಾಗಲ್ಲ, ಹಾಗಾಗಿ ರೂಮಿನ ಬೆಳಕು ಹೇಳಿದ್ದೇ ಫೈನಲ್. ಉತ್ತರದ ಕಿಟಕೀಲಿ ನೇರ ಬಿಸಿಲು ಕಮ್ಮಿ, ಆಕಾಶದ ತಣ್ಣನೆ ನೀಲಿ ಬೆಳಕೇ ಜಾಸ್ತಿ, ಅದರ ಮೇಲೆ ನಿಮ್ಮ ಕಡೆ ಮಳೆಗಾಲ ಬೇರೆ, ರಾತ್ರಿ 6500 ಕೆಲ್ವಿನ್ ಅಂತ ಬರೆದಿರೋ, ಸ್ವಲ್ಪ ನೀಲಿ ಛಾಯೆಯ ಬಿಳಿ ಟ್ಯೂಬ್‌ಲೈಟ್ ಹಾಕಿದ್ರೆ ದಾಳಿಂಬೆ ಇನ್ನೂ ನೇರಳೆಗೆ ತಿರುಗುತ್ತೆ. ನಮ್ಮನೇಲಿ ಇಂಥದ್ದೇ ಒಂದು ಗೋಡೆ ಹೊಡಿಸಿ ಎರಡು ವರ್ಷ ಬೀಟ್‌ರೂಟ್ ಪಲ್ಯದ ಒಳಗೆ ಮಲಗಿದ ಹಾಗಿತ್ತು.

ನೆಲದ ಕೆಂಪು ಕಬ್ಬಿಣದ ಆಕ್ಸೈಡಿಂದ ಬಂದಿದ್ದು, ಸ್ವಲ್ಪ ಇಟ್ಟಿಗೆ ಛಾಯೆ ಇರುತ್ತೆ, ಅದಕ್ಕೆ ಹವಳ ಹೊಂದುತ್ತೆ, ದಾಳಿಂಬೆ ಜಗಳ ಆಡುತ್ತೆ. ನನ್ನ ಓಟು ಹವಳಕ್ಕೆ, ಆದ್ರೆ ಮಂಚದ ತಲೆದಿಕ್ಕಿನ ಗೋಡೆಗೆ ಮಾತ್ರ. ನಾಲ್ಕೂ ಕಡೆ ಹೊಡಿಸಿದ್ರೆ ಗೋಡೆಗಳು ಒಂದರ ಮೇಲೊಂದು ಬಣ್ಣ ಚೆಲ್ಲಿ ಕಾರ್ಡಲ್ಲಿ ನೋಡಿದ್ದಕ್ಕಿಂತ ಗಾಢ ಆಗಿಬಿಡುತ್ತೆ. ಉಳಿದ ಮೂರಕ್ಕೆ ಕೆನೆ ಬಣ್ಣ ಸಾಕು.

ಹಾಗಂತ ನನ್ನ ಮಾತು ಕೇಳ್ಕೊಂಡು ನಾಳೆನೇ ಡಬ್ಬಿ ತರಬೇಡಿ. ಸಣ್ಣ ಸ್ಯಾಂಪಲ್ ತಂದು ಎರಡು ಅಡಿ ಪ್ಲೈವುಡ್ ತುಂಡಿಗೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಿದ ಮೇಲೆ ಬೆಳಗ್ಗೆ, ಸಂಜೆ, ರಾತ್ರಿ ಲೈಟಲ್ಲಿ ನೋಡಿ. ಹಸಿರು ಗೋಡೆ ಮೇಲೇ ಬಳಿದು ನೋಡಿದ್ರೆ ಕಣ್ಣು ಮೋಸ ಹೋಗುತ್ತೆ, ಹಸಿರಿನ ಪಕ್ಕ ಯಾವ ಕೆಂಪಾದ್ರೂ ಜಾಸ್ತಿನೇ ಹೊಡೆದು ಕಾಣುತ್ತೆ. ಇಂಥ ಕೆಂಪು ಬಣ್ಣಗಳು ಅಡೀಲಿರೋದನ್ನ ಬೇಗ ಮುಚ್ಚಲ್ಲ ಕೂಡ, ಪ್ರೈಮರ್ ಬಿಡಬೇಡಿ, ಪೇಂಟರ್ ಎರಡು ಕೋಟ್ ಸಾಕು ಅಂದ್ರೂ ಮೂರಕ್ಕೆ ಲೆಕ್ಕ ಹಾಕಿ ಒಂದೇ ಸಲ ಮಿಕ್ಸ್ ಮಾಡಿಸ್ಕೊಳ್ಳಿ.