ಗದಗಿನ ಪಿನ್ ಕೋಡ್ ಅವಿಭಾಜ್ಯವೇ?

ಪ್ರಶ್ನೆ: ಎಂಟನೇ ತರಗತಿ ಓದುವ ನನ್ನ ಮಗಳು ಅಂಚೆ ಕವರಿನ ಮೇಲೆ ನಮ್ಮೂರಿನ ಪಿನ್ ಕೋಡ್ 582101 ನೋಡಿ, ಇದು ಅವಿಭಾಜ್ಯ ಸಂಖ್ಯೆಯೇ ಅಂತ ಕೇಳಿದಳು. ಇಬ್ಬರೂ ಕೂತು 2, 3, 5, 7, 11ರಿಂದ ಭಾಗಿಸಿ ನೋಡಿದೆವು, ಎಲ್ಲದರಲ್ಲೂ ಶೇಷ ಉಳಿಯಿತು. ಅಲ್ಲಿಗೇ ಬಿಟ್ಟೆವು. ಎಲ್ಲಿಯವರೆಗೆ ಭಾಗಿಸುತ್ತಾ ಹೋಗಬೇಕು ಸರ್?
— ಓದುಗರು, ಗದಗ

ಉತ್ತರ: ಅಕ್ಕಾ, ಇನ್ನೊಂದೇ ಒಂದು ಸಲ ಭಾಗಿಸಿದ್ದರೆ ಸಿಕ್ಕಿಬಿಡುತ್ತಿತ್ತು! 11 ಆದ ಮೇಲೆ ಬರುವ ಅವಿಭಾಜ್ಯ 13. ಅದನ್ನು 44777ರಿಂದ ಗುಣಿಸಿ, ಸರಿಯಾಗಿ 582101 ಬರುತ್ತದೆ. ಅಂದರೆ ನಿಮ್ಮೂರಿನ ಪಿನ್ ಅವಿಭಾಜ್ಯವಲ್ಲ.

ಆದರೆ ಮಗಳ ಕೈಯಲ್ಲಿ ಸುಮ್ನೆ ಉದ್ದುದ್ದ ಭಾಗಾಕಾರ ಮಾಡಿಸಬೇಡಿ. 7, 11, 13 ಮೂರನ್ನೂ ಒಂದೇ ಕಳೆಯುವ ಲೆಕ್ಕದಲ್ಲಿ ನೋಡಬಹುದು. ಸಂಖ್ಯೆಯನ್ನು ನಡುವೆ ಮುರಿಯಿರಿ, ಒಂದು ಕಡೆ 582, ಇನ್ನೊಂದು ಕಡೆ 101. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 481. ಇದು 7ರಿಂದ ಭಾಗ ಹೋಗುವುದಿಲ್ಲ, 11ರಿಂದಲೂ ಇಲ್ಲ, 13ರಿಂದ ಹೋಗುತ್ತದೆ, ಯಾಕೆಂದರೆ 13 × 37 = 481. ಪೂರ್ತಿ ಸಂಖ್ಯೆಯದ್ದೂ ಇದೇ ಕಥೆ. ಕಾರಣ ಹೇಳದೆ ಈ ಉಪಾಯವನ್ನು ಮಕ್ಕಳಿಗೆ ಕಲಿಸಬಾರದು ಅಂತ ನನಗೆ ಅನಿಸುತ್ತದೆ, ಕಾರಣವೇ ಅಷ್ಟು ಚೆನ್ನಾಗಿದೆ: 7 × 11 × 13 ಅಂದರೆ 1001, 582ನ್ನು 1001ರಿಂದ ಗುಣಿಸಿದರೆ 582582, ನಿಮ್ಮ ಪಿನ್ ಅದಕ್ಕಿಂತ ಬರೋಬ್ಬರಿ 481 ಕಡಿಮೆ. 582582 ಈ ಮೂರರಿಂದಲೂ ಭಾಗ ಹೋಗುವಂಥದ್ದು, ಹಾಗಾಗಿ ಉಳಿದ ತೀರ್ಮಾನ 481ರ ಕೈಯಲ್ಲಿ. ಒಂಬತ್ತು, ಹನ್ನೆರಡು ಅಂಕಿಯ ಸಂಖ್ಯೆಯಾದರೂ ನಡೆಯುತ್ತದೆ. ಬಲಗಡೆಯಿಂದ ಮೂರು ಮೂರು ಅಂಕಿ ಬೇರೆ ಮಾಡಿ, ಒಂದನ್ನು ಕೂಡಿಸಿ ಇನ್ನೊಂದನ್ನು ಕಳೆಯುತ್ತಾ ಹೋದರಾಯಿತು.

ಇನ್ನು ಎಲ್ಲಿಯವರೆಗೆ ಅಂತ ಕೇಳಿದಿರಿ. ವರ್ಗಮೂಲದವರೆಗೆ ಸಾಕು. ಮೇಲೆ ಸಿಕ್ಕ 44777ನ್ನೇ ನೋಡಿ. 212 × 212 = 44944, ಆಗಲೇ ಜಾಸ್ತಿಯಾಯಿತು. ಅದನ್ನು ಎರಡು ಸಂಖ್ಯೆಗಳಾಗಿ ಒಡೆಯಲು ಬಂದರೆ, ಎರಡರಲ್ಲಿ ಒಂದಾದರೂ 211 ಅಥವಾ ಅದಕ್ಕಿಂತ ಚಿಕ್ಕದಿರಲೇಬೇಕು, ಅಲ್ವಾ? 211ರವರೆಗಿನ ಯಾವ ಅವಿಭಾಜ್ಯದಿಂದಲೂ ಅದು ಭಾಗ ಹೋಗುವುದಿಲ್ಲ. ಹಾಗಾಗಿ 44777 ಅವಿಭಾಜ್ಯ.

ನಿಮ್ಮ ಪತ್ರ ಓದಿದ ಮೇಲೆ ಸುತ್ತಲಿನ ಊರುಗಳನ್ನೂ ನೋಡದೆ ಇರಲು ಆಗಲಿಲ್ಲ. ಹಾವೇರಿಯ 581110 ಕೊನೆಗೆ ಸೊನ್ನೆ ಇಟ್ಟುಕೊಂಡಿದೆ, ಅಲ್ಲಿಗೆ ಮುಗಿಯಿತು. ಹುಬ್ಬಳ್ಳಿಯ 580020 ಮಾತ್ರ ಧಾರಾಳಿ, 2ರಿಂದ 7ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. 7ರದ್ದನ್ನು ಮಗಳು 580ರಲ್ಲಿ 20 ಕಳೆದು ತಾನೇ ನೋಡಲಿ. ಅದೇ ಧಾರವಾಡದ 580001, ಹುಬ್ಬಳ್ಳಿಗಿಂತ ಬರೀ 19 ಕಡಿಮೆ, ಯಾರಿಗೂ ಬಗ್ಗುವುದಿಲ್ಲ! ಅವಳಿ ನಗರ ಅನ್ನುತ್ತೇವೆ, ಪಿನ್‌ಗಳು ಮಾತ್ರ ಹೀಗೆ ಒಂದಕ್ಕೊಂದು ತದ್ವಿರುದ್ಧ. ಧಾರವಾಡದ್ದು ಅವಿಭಾಜ್ಯ ಅಂತ ಹೇಳುವ ಮೊದಲು 761ರವರೆಗಿನ ಎಲ್ಲ 135 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಿದೆ. 29ರಲ್ಲಿ ಬರೀ 1 ಉಳಿದಾಗ ಇನ್ನೇನು ಹೋಯಿತು ಅಂದುಕೊಂಡಿದ್ದೆ. ಕೊನೆಯ 761ರಲ್ಲಿ ಶೇಷ 119.