ಫ್ಲೋರೈಡ್‌ಗೆ ಖಾನೆಯಿಲ್ಲ, ಎಲ್ಲಿ ಬರೆಯಲಿ?

ಪ್ರಶ್ನೆ: ಅವ್ವನಿಗೆ ಮೊಣಕಾಲು ನೋವು. ನಮ್ಮೂರ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಟ್ಟರೆ ಲೀಟರಿಗೆ 2.4 ಮಿಲಿಗ್ರಾಂ ಫ್ಲೋರೈಡ್ ಬಂತು. ಯಾವ ದಿನ ಯಾವ ನೀರು, ಎಷ್ಟು ಕುಡಿದಳು, ನೋವು ಎಷ್ಟಿತ್ತು ಎಂದು ಬರೆದಿಡಲು ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಆ್ಯಪ್‌ಗಳು ಆರೋಗ್ಯದ ದತ್ತಾಂಶ ಹಂಚಿಕೊಳ್ಳುವ ಆಂಡ್ರಾಯ್ಡ್‌ನ ಹೆಲ್ತ್ ಕನೆಕ್ಟ್‌ನಲ್ಲಿ ನಮ್ಮದೇ ದತ್ತಾಂಶ ಪ್ರಕಾರ ಸೇರಿಸುವುದು ಹೇಗೆ? ಪೋಷಕಾಂಶಗಳ ಪಟ್ಟಿಯಲ್ಲಿ ಕ್ಲೋರೈಡ್ ಇದೆ, ಫ್ಲೋರೈಡ್ ಇಲ್ಲ. ಕ್ಲೋರೈಡ್‌ನಲ್ಲೇ ತುಂಬಿದರೆ ನಡೆಯುತ್ತದೆಯೇ?
– ಓದುಗರೊಬ್ಬರು, ಕುಷ್ಟಗಿ ತಾಲ್ಲೂಕು

ಉತ್ತರ: ನಡೆಯುವುದಿಲ್ಲ. ಈ ತಪ್ಪನ್ನು ನಾನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಕೊಪ್ಪಳದಲ್ಲಿ ನಮ್ಮ ಅತ್ತೆಗಾಗಿ ಮಾಡಿದ ಆ್ಯಪ್‌ನಲ್ಲಿ ನೋವಿನ ಅಂಕಕ್ಕೆ ಜಾಗ ಸಿಗದೆ ಅದನ್ನು ಉಸಿರಾಟದ ಗತಿಯ ಖಾನೆಗೆ ತುರುಕಿದ್ದೆ. ಹತ್ತಕ್ಕೆ ಏಳು ನೋವು. ವೈದ್ಯರು ಫೋನ್ ನೋಡಿ, ನಿಮಿಷಕ್ಕೆ ಏಳೇ ಉಸಿರೇ ಎಂದು ಗಾಬರಿಯಾದರು. ಅತ್ತೆ ಎದುರಿಗೇ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದರು. ಖಾನೆ ಹಂಚಿಕೆಯದು, ಅದರಲ್ಲಿರುವುದನ್ನು ಬೇರೆ ಆ್ಯಪ್‌ಗಳೂ ನಂಬಿ ಓದುತ್ತವೆ.

ಹೆಲ್ತ್ ಕನೆಕ್ಟ್‌ನಲ್ಲಿ ಹೊಸ ಪ್ರಕಾರ ಸೇರಿಸಲು ಬರುವುದಿಲ್ಲ. ಐಫೋನ್‌ನಲ್ಲಿ ಇದೇ ಕೆಲಸ ಮಾಡುವ ಆ್ಯಪಲ್‌ನವರ ಹೆಲ್ತ್‌ಕಿಟ್‌ನಲ್ಲೂ ಇಲ್ಲ. ಗೂಗಲ್‌ನವರ ಹಳೆಯ ವ್ಯವಸ್ಥೆಯಾದ ಗೂಗಲ್ ಫಿಟ್‌ನಲ್ಲಿ ಇತ್ತು, ಅದನ್ನು ನೆಚ್ಚಿ ಬರೆದ ಹಳೆಯ ಪಾಠಗಳು ಇನ್ನೂ ಓಡಾಡುತ್ತಿವೆ. ಆದರೆ 2024ರ ಮೇ 1ರಿಂದ ಅಲ್ಲಿ ಹೊಸ ಡೆವಲಪರ್‌ಗಳಿಗೆ ನೋಂದಣಿಯಿಲ್ಲ.

ಹಾಗಾಗಿ ಪಾಲು ಮಾಡಿ. ಕುಡಿದ ನೀರಿನ ಪ್ರಮಾಣಕ್ಕೆ ಹೆಲ್ತ್ ಕನೆಕ್ಟ್‌ನಲ್ಲಿ ಹೈಡ್ರೇಷನ್ ರೆಕಾರ್ಡ್ ಇದೆ, ಅದು ಅಲ್ಲಿಗೆ ಹೋಗಲಿ. ನೀರಿನ ಮೂಲ, ಫ್ಲೋರೈಡ್, ನೋವಿನ ಅಂಕ ನಿಮ್ಮ ಆ್ಯಪ್‌ನ ಸ್ವಂತ ಡೇಟಾಬೇಸ್‌ನಲ್ಲಿರಲಿ; ಅದಕ್ಕೆ ಆಂಡ್ರಾಯ್ಡ್‌ನ ರೂಮ್ ಎಂಬ ಡೇಟಾಬೇಸ್ ಲೈಬ್ರರಿ ಸಾಕು. ಎರಡನ್ನೂ ಬೆಸೆಯಲು ಕ್ಲೈಂಟ್ ರೆಕಾರ್ಡ್ ಐಡಿ ಎಂಬ ಗುರುತು ಇದೆ. ನೀವೇ ಒಂದು ಗುರುತು ಸೃಷ್ಟಿಸಿ ಎರಡು ಕಡೆಯೂ ಅದನ್ನೇ ಇಡಿ. ಎರಡು ಲೀಟರ್ ಎಂದು ಬರೆದದ್ದು ಮೂರು ಎಂದು ಆಮೇಲೆ ನೆನಪಾದರೆ, ಅದೇ ಗುರುತಿಗೆ ದೊಡ್ಡ ಆವೃತ್ತಿ ಸಂಖ್ಯೆ ಕೊಟ್ಟು ಮತ್ತೆ ಬರೆಯಿರಿ; ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಐಫೋನ್‌ನಲ್ಲಾದರೆ ದಾಖಲೆಯ ಜೊತೆ ಮೆಟಾಡೇಟಾ ಎಂಬ ಚೀಟಿ ಅಂಟಿಸಬಹುದು, ಅದಕ್ಕೆ ನಿಮ್ಮದೇ ಹೆಸರಿಡಬಹುದು. ಬೇರೆ ಆ್ಯಪ್‌ಗೆ ಆ ಹೆಸರಿನ ಅರ್ಥ ತಿಳಿಯದು, ಅಷ್ಟೇ.

ಇನ್ನು ಮುಖ್ಯವಾದದ್ದು. ಲೀಟರನ್ನೂ ಫ್ಲೋರೈಡ್ ಸಾಂದ್ರತೆಯನ್ನೂ ಗುಣಿಸಿ ಒಂದೇ ಅಂಕಿಯಾಗಿ ಇಡಬೇಡಿ. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದಿದೆ. ಆದರೆ ಮೈಗೆ ಸೇರುವುದು ಎಷ್ಟು ಕುಡಿದರು ಎಂಬುದರ ಮೇಲೆ. ಡಿಸೆಂಬರ್‌ನಲ್ಲಿ ಎರಡು ಲೀಟರ್ ಕುಡಿಯುವ ನಿಮ್ಮ ತಾಯಿ ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ಕುಡಿದರೆ, ಅದೇ ಬೋರ್‌ವೆಲ್‌ನಿಂದ 4.8 ಮಿಲಿಗ್ರಾಂ ಇದ್ದದ್ದು 9.6 ಆಗುತ್ತದೆ. ನಾಳೆ ಮರುಪರೀಕ್ಷೆಯಲ್ಲಿ 2.4ರ ಬದಲು 2.1 ಬಂದರೆ, ಮೂಲ ಅಂಕಿಗಳು ಬೇರೆಬೇರೆ ಇದ್ದಾಗ ಲೆಕ್ಕ ತಿದ್ದುವುದು ಸುಲಭ. ಪರೀಕ್ಷೆಯ ದಿನಾಂಕವನ್ನೂ ಬರೆದಿಡಿ. ಆ್ಯಪ್ ತೆಗೆದುಹಾಕಿದರೆ ನಿಮ್ಮ ಡೇಟಾಬೇಸ್ ಅದರ ಜೊತೆಗೇ ಹೋಗುತ್ತದೆ. ತಿಂಗಳಿಗೊಮ್ಮೆ ಸಿಎಸ್‌ವಿ ಕಡತವಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಹೊರತೆಗೆಯಿರಿ. ನೋವಿಗೆ ನೀರೇ ಕಾರಣವೇ ಎಂದು ಹೇಳಬೇಕಾದವರು ವೈದ್ಯರು. ಅದನ್ನು ಆ್ಯಪ್‌ನಿಂದ ಹೇಳಿಸಬೇಡಿ.

ಶುದ್ಧ ನೀರಿನ ಘಟಕದ ಕ್ಯಾನ್ ತಂದ ದಿನ ಫ್ಲೋರೈಡ್ ಸೊನ್ನೆ ಎಂದೂ ಬರೆಯಬೇಡಿ. ಆ ನೀರನ್ನೂ ಪರೀಕ್ಷಿಸುವವರೆಗೆ ಖಾನೆ ಖಾಲಿ ಇರಲಿ. ಸೊನ್ನೆ ಬೇರೆ, ಖಾಲಿ ಬೇರೆ. ನಮ್ಮ ಮನೆಯಲ್ಲಿ ಕುಡಿಯಲು ಮಾತ್ರ ಕ್ಯಾನ್. ರೊಟ್ಟಿ ಹಿಟ್ಟಿಗೆ ಹಾಕುವ ಎಸರು, ಅನ್ನ, ಬೇಳೆ ಎಲ್ಲಕ್ಕೂ ಬೋರ್‌ವೆಲ್ಲೇ. ನಿಮ್ಮಲ್ಲೂ ಹಾಗೇ ಇದ್ದರೆ ಅಡುಗೆಯ ನೀರಿಗೆ ಇನ್ನೊಂದು ಖಾನೆ ಮಾಡಿ.