ಆಪರೇಷನ್ ಥಿಯೇಟರ್‌ನಲ್ಲಿ ಯಾರ ಹಾಡು?

ಸಾಗರದ ಓದುಗರೊಬ್ಬರು ಬರೆದಿದ್ದಾರೆ: "ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಬೇಕು. ಹೋದ ಸಲ ಹೆದರಿಕೆಗೆ ಬಿಪಿ ಏರಿ, ವಾಪಸ್ ಕಳಿಸಿದರು. ಹಾಡು ಕೇಳಿಸಿದರೆ ಭಯ ಇಳಿಯುತ್ತದೆಯೇ? ಆನಂದಭೈರವಿ ರಾಗ ಬಿಪಿಗೆ ಒಳ್ಳೆಯದು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಅಮ್ಮನಿಗೋ ಯಕ್ಷಗಾನದ ಪದ್ಯ ಬಿಟ್ಟರೆ ಬೇರೇನೂ ರುಚಿಸುವುದಿಲ್ಲ."

ಸಂಪಾದಕರ ಉತ್ತರ:

ಇಳಿಯುತ್ತದೆ, ಸ್ವಲ್ಪ ಮಟ್ಟಿಗೆ. ಎಷ್ಟು ಅನ್ನುವುದಕ್ಕೂ ಲೆಕ್ಕ ಇದೆ. ಆಪರೇಷನ್‌ಗೆ ಮುಂಚಿನ ಆತಂಕದ ಮೇಲೆ ನಡೆದ 26 ಪ್ರಯೋಗಗಳನ್ನು ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ ಇದ್ದವರು 2051 ಜನ. ಆತಂಕವನ್ನು 20ರಿಂದ 80ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. ಹಾಡು ಕೇಳಿದವರಿಗೆ ಸುಮಾರು 6 ಅಂಕ ಕಡಿಮೆ ಬಂತು. ಪವಾಡವೇನಲ್ಲ. ಹಾಡು ಕೇಳುತ್ತಿದ್ದೇನೆ ಅಂತ ರೋಗಿಗೆ ಗೊತ್ತಿರುತ್ತದಲ್ಲ, ಹಾಗಾಗಿ ಅದರಲ್ಲಿ ನಂಬಿಕೆಯ ಪಾಲೂ ಇರಬಹುದು. ಇರಲಿ ಬಿಡಿ, ಖರ್ಚಂತೂ ಇಲ್ಲ.

ಇದು ಹೊಸ ಫ್ಯಾಷನ್ ಕೂಡ ಅಲ್ಲ. 1914ರಲ್ಲೇ ಪೆನ್ಸಿಲ್ವೇನಿಯಾದ ಸರ್ಜನ್ ಎವನ್ ಕೇನ್, ಥಿಯೇಟರ್‌ನಲ್ಲಿ ಫೋನೋಗ್ರಾಫ್ ಇಡುವ ಬಗ್ಗೆ ಅಮೆರಿಕದ ವೈದ್ಯಪತ್ರಿಕೆಗೆ ಬರೆದಿದ್ದ. (ಈ ಮಹಾಶಯ 1921ರಲ್ಲಿ ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದುಕೊಂಡ. ಅಂಥವನಿಗೂ ರೋಗಿಯ ಭಯ ಅರ್ಥವಾಗಿತ್ತು ಅನ್ನುವುದೇ ಸಂತೋಷ.)

ಈಗ ಅಮ್ಮನ ವಿಷಯ. ಪೊರೆ ತೆಗೆಯುವಾಗ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಡ್ರಾಪ್ಸ್ ಹಾಕಿಯೋ ಇಂಜೆಕ್ಷನ್ ಕೊಟ್ಟೋ ಕಣ್ಣನ್ನಷ್ಟೇ ಮರಗಟ್ಟಿಸುತ್ತಾರೆ. ಮುಖದ ಮೇಲೆ ಬಟ್ಟೆ. ಬೆಳಕು ಬಿಟ್ಟರೆ ಹೆಚ್ಚೇನೂ ಕಾಣದು, ಆದರೆ ಎಲ್ಲವೂ ಕೇಳಿಸುತ್ತದೆ. ಯಂತ್ರದ ಬೀಪ್, ಟ್ರೇ ಸದ್ದು, "ಅದು ಕೊಡಿ, ಇದು ಹಿಡಿ" ಅನ್ನುವ ಮಾತು. ಹೆದರಿದವರಿಗೆ ಇದರಲ್ಲಿ ಒಂದೊಂದೂ ಅಪಾಯದ ಸೂಚನೆಯೇ. ಕಿವಿಗೆ ಪರಿಚಯದ ದನಿ ಬಿದ್ದರೆ ಗಮನ ಅತ್ತ ಹೋಗುತ್ತದೆ.

ಹಾಗಂತ ಎರಡೂ ಕಿವಿ ಮುಚ್ಚಬೇಡಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 157 ರೋಗಿಗಳ ಮೇಲೆ ನಡೆಸಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮುಂಚೆ ಕೆಲವರಿಗೆ ಆತಂಕ ಇಳಿಸುವ ಮಿಡಜೋಲಂ ಔಷಧ ಕೊಟ್ಟರು, ಉಳಿದವರಿಗೆ ಹೆಡ್‌ಫೋನಿನಲ್ಲಿ ಸಂಗೀತ. ಆತಂಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ಇಳಿಯಿತು. ಆದರೆ ಹೆಡ್‌ಫೋನ್ ಹಾಕಿದವರ ಜೊತೆ ಮಾತಾಡುವುದು ಕಷ್ಟವಾಯಿತು. ಕಣ್ಣಿನ ಆಪರೇಷನ್‌ನಲ್ಲಿ "ಬೆಳಕು ನೋಡಿ", "ಅಲುಗಾಡಬೇಡಿ" ಅಂತ ಡಾಕ್ಟರ್ ಹೇಳುತ್ತಲೇ ಇರುತ್ತಾರೆ. ಅದು ಕೇಳಿಸಲೇಬೇಕು. ದನಿ ಸಣ್ಣಗಿರಲಿ.

ಯಕ್ಷಗಾನವಾ? ಖಂಡಿತ ಆಗಬಹುದು, ಅಮ್ಮನಿಗೆ ಇಷ್ಟವಾದದ್ದೇ ಸರಿ. ಆದರೆ ಯುದ್ಧದ ಪದ್ಯ ಬೇಡ! ಚಂಡೆ ಏರಿದರೆ ತಲೆ ತಾನಾಗಿ ಆಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಕಣ್ಣು ಇರುವಾಗ ಅದು ಆಗಬಾರದು. ಮದ್ದಳೆಯಷ್ಟೇ ಇರುವ, ಭಾಗವತರು ನಿಧಾನಕ್ಕೆ ಎಳೆದು ಹಾಡುವ ಪದ್ಯ ಆರಿಸಿ. ಜೊತೆಗೆ ಗುನುಗಬಾರದು ಅಂತಲೂ ಹೇಳಿಡಿ.

ರಾಗಕ್ಕೊಂದು ಕಾಯಿಲೆ ಹೊಂದಿಸುವ ವಾಟ್ಸಾಪ್ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಶಾಸ್ತ್ರೀಯ ಸಂಗೀತ ರುಚಿಸದವರಿಗೆ ಆನಂದಭೈರವಿ ಕೇಳಿಸುವುದು ಸುಮ್ನೆ ಇನ್ನೊಂದು ಶಿಕ್ಷೆ, ಅಲ್ವಾ? ಕೆಲವು ಥಿಯೇಟರ್‌ಗಳಲ್ಲಿ ಸ್ಪೀಕರ್ ಇರುತ್ತದೆ, ನಿಜ. ಆದರೆ ಅಲ್ಲಿ ಹೆಚ್ಚಾಗಿ ನಡೆಯುವುದು ಡಾಕ್ಟರ ಆಯ್ಕೆ. ಅಮ್ಮನ ಪದ್ಯ ಹಾಕಬಹುದಾ ಅಂತ ಮುಂಚೆಯೇ ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಇನ್ನೊಂದು ಮಾತು. ನೀವು ಬರೆದದ್ದು ನೋಡಿದರೆ ಬಿಪಿ ಏರಿದ್ದು ಒಳಗೆ ಹೋಗುವ ಮುಂಚೆಯೇ. ಹಾಗಾದರೆ ಹೊರಗೆ ಕಾಯುವ ಬೆಂಚಿನ ಮೇಲೇ ಹಾಡು ಶುರುವಾಗಲಿ. ಬಿಪಿ ಮಾತ್ರೆ ಅವತ್ತು ಬೆಳಿಗ್ಗೆ ತಗೊಳ್ಳಬೇಕಾ ಅಂತ ಡಾಕ್ಟರನ್ನೇ ಕೇಳಿ, ಹಾಡು ಅದಕ್ಕೆ ಬದಲಿ ಅಲ್ಲ. ಪದ್ಯಗಳನ್ನು ಹಿಂದಿನ ದಿನವೇ ಫೋನಿಗೆ ಇಳಿಸಿಕೊಂಡು ಹೋಗಿ. ಇಲ್ಲದಿದ್ದರೆ ಭಾಗವತರ ನಡುವೆ ಸಾಬೂನಿನ ಜಾಹೀರಾತು ಬರುತ್ತದೆ.